ಕೆಂಚಿಗೆ ಕುಡಿಸಿದ ಜಾಲಿ ಕಷಾಯ

ಗಂಡನ ಹೆಸರು ಹೇಳಬಾರದಂತೆ. ಹೇಳುತ್ತೇನೆ: ಲಗಮಪ್ಪ. ನಮ್ಮೂರು ದಡ್ಡಿಯಲ್ಲಿ ಎಲ್ಲರಿಗೂ ಬುದ್ಧಿ ಹೇಳುವ ಲಗಮಪ್ಪ, ನನ್ನ ಕೆಂಚಿಯನ್ನು ಕೊಂದವನು.

ಕೆಂಚಿ ನನ್ನ ಆಡು. ಮದುವೆಯಾಗಿ ಬರುವಾಗ ಅವ್ವ ಒಂದು ಹೆಣ್ಣು ಮರಿ ಕೊಟ್ಟು ಕಳಿಸಿದ್ದಳು. ಅದರ ಸಂತಾನದಲ್ಲಿ ಉಳಿದದ್ದು ಇದೊಂದೇ. ಮಿಕ್ಕವೆಲ್ಲ ಎರಡು ಮಳೆಗಾಲದಲ್ಲಿ ಹೊಟ್ಟೆಹುಳಕ್ಕೆ ಬಲಿಯಾದವು. ಹಟ್ಟಿಯ ಬೇರೆ ಆಡುಗಳೆಲ್ಲ ಲಗಮಪ್ಪ ಸಂತೆಯಿಂದ ಹಿಡಿದು ತಂದವು. ಅವ್ವ ಈಗಿಲ್ಲ.

ಹುಳ ಹೋಗದಿರುವುದಕ್ಕೂ ಇವನೇ ಕಾರಣ. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಕೈ ಖಾಲಿ ಇರುತ್ತದೆ. ಆವತ್ತು ಒಂದು ಬಾಟಲಿ ಔಷಧ ತಂದು, ದೊಡ್ಡದು ಸಣ್ಣದು ನೋಡದೆ, ಪಂಕ್ತಿಯಲ್ಲಿ ಪ್ರಸಾದ ಹಂಚಿದಂತೆ ಎಲ್ಲಕ್ಕೂ ಒಂದೊಂದು ಮುಚ್ಚಳ ಕುಡಿಸುತ್ತಿದ್ದ. ಕೆಂಚಿಯೂ ಸೊರಗಿದಾಗ ನಾನೇ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹುಕ್ಕೇರಿಗೆ ಒಯ್ದೆ. ದನದ ಡಾಕ್ಟರ್ ಆರತಿಬಾಯಿ ಅದರ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಸುಣ್ಣದಂತೆ ಬೆಳ್ಳಗಿತ್ತು.

"ಹುಳ ರಕ್ತ ಹೀರಾಕತ್ತೈತಿ. ಅರೆಬರೆ ಔಷಧ ಕುಡಿಸಿ ಕುಡಿಸಿ ಹುಳಕ್ಕ ಅದು ರೂಢಿ ಆಗೇತಿ ನೋಡ್ರಿ," ಎಂದು ಬೇರೆ ಔಷಧ ಕೊಟ್ಟರು. "ಇನ್ನ ಮ್ಯಾಲ ರೆಪ್ಪಿ ಬಿಳಿ ಇದ್ದಾವಕ್ಕಷ್ಟ, ತೂಕ ನೋಡಿ ಪೂರ್ತಿ ಕೊಡ್ರಿ. ಎಲ್ಲಾಕ್ಕೂ ಮೇವಿನ ಜೋಡಿ ಒಂದೀಟ ಜಾಲಿ ತಪ್ಪಲಾ ಹಾಕ್ರಿ. ಅದರ ಒಗರು ಹುಳಕ್ಕ ಆಗಂಗಿಲ್ಲ. ಆದ್ರ ಅತಿ ಮಾಡಬ್ಯಾಡ್ರಿ, ಒಗರು ಹೆಚ್ಚಾದ್ರ ಆಡಿಗೂ ವಿಷ."

ಒಂದಕ್ಷರ ಬಿಡದೆ ಲಗಮಪ್ಪನಿಗೆ ಹೇಳಿದೆ. "ತಪ್ಪಲಾ ತಿಂದ್ರ ಹುಳಾ ಹೋಗತಾವ?" ಎಂದು ನಕ್ಕ. ನಾನು ಕೈತುಂಬ ಮುಳ್ಳು ಚುಚ್ಚಿಸಿಕೊಂಡು ಕಾಲುವೆ ದಂಡೆಯಿಂದ ಎಲೆ ತುಂಬಿದ ಜಾಲಿ ಟೊಂಗೆ ಕಡಿದು ತಂದು ಹಾಕಿದೆ. ಕೆಂಚಿಯ ರೆಪ್ಪೆ ಕೆಂಪಾಯಿತು, ಮೈ ತುಂಬಿತು, ಗಬ್ಬವೂ ಆಯಿತು. ಆಗ ಊರ ತುಂಬ "ನನ್ನ ಔಷಧಿ" ಎಂದು ಹೇಳಿಕೊಂಡು ತಿರುಗಿದವನು ಯಾರು? ಇವನೇ.

ಕೆಂಚಿಗೆ ನಾಲ್ಕು ತಿಂಗಳು ತುಂಬಿದ್ದಾಗ, ತಂಗಿಯ ಕೂಸು ನೋಡಲು ಮೂಡಲಗಿಗೆ ಹೋಗಿ ಐದನೆಯ ದಿನ ಬಂದೆ. ಅಂಗಳದಲ್ಲಿ ಒಲೆ ಹೂಡಿ ಹಂಡೆ ತುಂಬ ಜಾಲಿ ತೊಗಟೆ ಕುದಿಸುತ್ತಿದ್ದ. ಬಾಜೂ ಮನೆಯ ದುಂಡಪ್ಪ ಕಾಕಾ, ಇನ್ನೂ ಮೂವರು ತಮ್ಮ ಆಡು ಹಿಡಿದು ಕಾಯುತ್ತಿದ್ದರು. ಕೆಂಚಿ ಹಟ್ಟಿಯ ಮೂಲೆಯಲ್ಲಿ ಕಾಲು ಚಾಚಿ ಬಿದ್ದಿತ್ತು. ಹೊಟ್ಟೆ ಕಲ್ಲಾಗಿತ್ತು. ತಲೆ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುವಷ್ಟರಲ್ಲಿ ಉಸಿರು ನಿಂತಿತು.

"ತಪ್ಪಲಾನ ಅಷ್ಟು ಕೆಲಸ ಮಾಡಿದ್ರ, ತೊಗಟಿ ಇನ್ನೂ ಜಾಸ್ತಿ ಮಾಡತೈತಿ ಅಂತ ದಿನಾ ಒಂದ ತಂಬಿಗಿ ಕುಡಿಸೇನಿ," ಎಂದ ಲಗಮಪ್ಪ. "ಗಬ್ಬದ ಆಡು ಅಂತ ಇದಕ್ಕ ಮೊದಲ. ಏನ್ ಮಾಡೂದು, ಅದರ ಆಯುಷ್ಯ ಅಷ್ಟ ಇತ್ತು."

ಆಯುಷ್ಯ! ಮೈಯೆಲ್ಲ ಉರಿದುಹೋಯಿತು.

"ತೊಗಲ ಹದಾ ಮಾಡೂ ತೊಗಟಿರಿ ಅದು! ಜೀವ ಇದ್ದ ಹೊಟ್ಟಿಗೆ ಹಾಕೀರಲ್ಲ! ಅತಿ ಮಾಡಬ್ಯಾಡ್ರಿ ಅಂತ ಡಾಕ್ಟರಬಾಯಿ ಅಂದದ್ದ ನಿಮಗ ಹೇಳಿದ್ದಿಲ್ಲೇನು?"

"ಮಂದಿ ಮುಂದ ಬಾಯಿ ಮಾಡಬ್ಯಾಡ."

ಮಂದಿಯ ಮುಂದೆಯೇ, ಕಷಾಯ ಆರಿಸಿಟ್ಟಿದ್ದ ಕೊಡದಿಂದ ಒಂದು ತಂಬಿಗೆ ತುಂಬಿ ಅವನ ಕೈಗಿಟ್ಟೆ. "ಕುಡೀರಿ."

ಎಲ್ಲರೂ ನೋಡುತ್ತಿದ್ದರು, ಬೇರೆ ದಾರಿ ಇರಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು, ಥೂ ಎಂದು ಉಗುಳಿದ. ದುಂಡಪ್ಪ ಕಾಕಾ ತಮ್ಮ ಆಡಿನ ಹಗ್ಗ ಹಿಡಿದು ಹೊರಟರು. ಉಳಿದವರೂ ಹಿಂದೆಯೇ ಹೋದರು.

ಸಂಜೆ ಹೊಲದ ಬದುವಿನಲ್ಲಿ ಕುಣಿ ತೋಡಿದೆವು. ಹೂಳುವ ಮೊದಲು ಹೊಟ್ಟೆಯ ಮೇಲೆ ಕೈಯಾಡಿಸಿದೆ. ಒಳಗೆ ಎರಡು ಮರಿ ಇದ್ದವು, ಕೈಗೆ ಗೊತ್ತಾಗುತ್ತಿತ್ತು.

"ಅಳಬ್ಯಾಡ. ಗೋಕಾಕ ಸಂತಿಯಿಂದ ಇದಕ್ಕಿಂತ ಚೊಲೋದ ತರ್ತೇನಿ," ಎಂದ.

"ತರ್ರಿ," ಎಂದೆ. "ನಮ್ಮವ್ವನ ಕೈಲೆ ಇಸ್ಕೊಂಡ ಬರ್ರಿ."