ಶಂಕ್ರವ್ವ ಕುಳಿತ ಜಾಗ

ನಾನೊಂದು ಮಡಚುವ ಸ್ಟೂಲು. ಬೆಟಗೇರಿಯ ಮೌನೇಶ ಬಡಿಗೇರ ಹಳೆಯ ಬಾಗಿಲೊಂದನ್ನು ಸೀಳಿ ಅದರ ಸಾಗವಾನಿ ಪಟ್ಟಿಗಳಿಂದ ನನ್ನ ನಾಲ್ಕು ಕಾಲು ಮಾಡಿದ. ಎರಡೆರಡನ್ನು ಕತ್ತರಿಯ ಹಾಗೆ ಜೋಡಿಸಿದ, ನಡುವೆ ಕಬ್ಬಿಣದ ಸರಳು ತೂರಿಸಿದ, ಮೇಲೆ ಎರಡು ಹಲಗೆ ಬಡಿದ. ಬಿಚ್ಚಿದರೆ ಕೂರಬಹುದು, ಮಡಚಿದರೆ ಬಗಲಲ್ಲಿ ಹಿಡಿದು ನಡೆಯಬಹುದು.

ನನ್ನನ್ನು ಮಾಡಿಸಿದವರು ಡ್ರಿಲ್ ಮಾಸ್ತರರಾದ ದಸ್ತಗೀರ ಸಾಹೇಬರು. ಗಿರಣಿ ಮೈದಾನದಲ್ಲಿ ಹಾಕಿ ಪಂದ್ಯ ನಡೆದಾಗಲೆಲ್ಲ ಅವರೇ ಗಡಿಯಾರ ಹಿಡಿಯುವವರು. ನನ್ನನ್ನು ನಡುಗೆರೆಯ ಪಕ್ಕ ಊರಿ ಕೂರುತ್ತಿದ್ದರು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಕೆಂಪು ಧೂಳು, ಓಡುವ ಕಾಲುಗಳು, ನೆಲ ಸವರುವ ಕೋಲುಗಳು, ಅವುಗಳ ನಡುವೆ ಪುಟಿಯುವ ಬಿಳಿ ಚೆಂಡು. ಹಾಕಿ ನೋಡುವುದೆಂದರೆ ಇಷ್ಟು ಸುಲಭ ಎಂದುಕೊಂಡಿದ್ದೆ. ಅದು ಎಂಥ ತಪ್ಪು ತಿಳಿವಳಿಕೆ ಎಂಬುದು ಶಂಕ್ರವ್ವನ ಕೈಗೆ ಬಂದ ಮೇಲೆ ಗೊತ್ತಾಯಿತು.

ಶಂಕ್ರವ್ವ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಎತ್ತರ ಕಡಿಮೆ, ದನಿ ಜಾಸ್ತಿ. ಏಳನೆಯ ಇಯತ್ತೆಯವರೆಗೆ ಶಾಲೆಯ ತಂಡದಲ್ಲಿ ಆಡಿದವಳು. ಮೈನೆರೆದ ವರ್ಷ ಅವಳ ಅವ್ವ ಹಾಕಿ ಕೋಲನ್ನು ಒಲೆಗಿಟ್ಟಳು. ಆಡುವುದು ಅಲ್ಲಿಗೆ ಮುಗಿಯಿತು, ನೋಡುವುದನ್ನು ಮಾತ್ರ ಅವಳು ಬಿಡಲಿಲ್ಲ. ಪಾಳಿ ಮುಗಿಸಿ, ಡೆಟಾಲ್ ವಾಸನೆಯ ಸೀರೆಯಲ್ಲೇ ಮೈದಾನಕ್ಕೆ ಬಂದು, ಗಂಡಸರ ಬೆನ್ನುಗಳ ಹಿಂದೆ ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಮಾಸ್ತರರು ನಿವೃತ್ತರಾಗಿ ವಿಜಯಪುರಕ್ಕೆ ಹೊರಟಾಗ ನನ್ನನ್ನು ಅವಳ ಕೈಗಿಟ್ಟರು.

"ತಗೋ ಶಂಕ್ರವ್ವ. ಇದರ ಮ್ಯಾಲೆ ಹತ್ತಿ ನೋಡು."

ಅವಳು ಹತ್ತಿದಳು. ಒಂದು ನಿಮಿಷವೂ ಆಗಿರಲಿಲ್ಲ, ಹಿಂದಿನಿಂದ ಕೂಗು ಬಂತು.

"ಏ ಯಕ್ಕಾ, ಕೆಳಗ ಇಳೀರಿ! ನಮಗ ಏನೂ ಕಾಣವಲ್ದು."

"ನಾ ನಿಂತರ ನಿಮಗ ಕಾಣವಲ್ದು, ಕುಂತರ ನನಗ ಕಾಣವಲ್ದು. ಏನ ಮಾಡ್ಲಿ?"

"ಮನೀಗೆ ಹೋಗ್ರಿ."

ಅವಳು ಮನೆಗೆ ಹೋಗಲಿಲ್ಲ. ಕೂತಳು. ಎದುರಿಗೆ ಪ್ಯಾಂಟು, ಧೋತರ, ಚಪ್ಪಲಿಯ ಹಿಮ್ಮಡಿ. "ಗೋಲ್!" ಎಂದು ಎಲ್ಲರೂ ಹಾರಿದಾಗ ಪಕ್ಕದವನ ತೋಳು ಜಗ್ಗಿ, "ಯಾರು ಹೊಡದ್ರು?" ಎಂದು ಕೇಳಬೇಕಾಯಿತು. ನನ್ನ ಮೇಲೆ ಅವಳ ಮುಷ್ಟಿ ಬಿದ್ದ ಮೊದಲ ದಿನ ಅದು.

ಒಮ್ಮೆ ಹುಬ್ಬಳ್ಳಿಗೆ ಹೋದೆವು. ಬೆಳಗಿನ ಪ್ಯಾಸೆಂಜರ್ ರೈಲು, ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಹೆಂಗಸೊಬ್ಬಳು ಒಬ್ಬಳೇ ಬಂದದ್ದನ್ನು ಕಂಡು ಸಂಘಟಕರೊಬ್ಬರು ಓಡಿ ಬಂದರು.

"ನಿಮ್ಮ ಮಗ ಯಾವ ಟೀಮಿನ್ಯಾಗ ಅದಾನ್ರಿ?"

"ನನಗ ಮಗ ಇಲ್ರಿ. ಆಟ ನೋಡಾಕ ಬಂದೀನಿ."

ಅವರು ನಂಬಲಿಲ್ಲ. ಗೌರವದಿಂದಲೇ ಕರೆದೊಯ್ದು ವೇದಿಕೆಯ ಪಕ್ಕ, ಅತಿಥಿಗಳ ಹೆಂಡಂದಿರ ಸಾಲಿನಲ್ಲಿ ಕೂರಿಸಿದರು. ಮುಂದೆ ಶಾಮಿಯಾನದ ಕಂಬ, ಕಂಬದ ಪಕ್ಕ ಹೂವಿನ ಕುಂಡಗಳು. ಮುಖ್ಯ ಅತಿಥಿ ಎರಡು ಗಂಟೆ ತಡವಾಗಿ ಬಂದರು. ಆಮೇಲೆ ಭಾಷಣ, ಶಾಲು, ಮತ್ತೆ ಭಾಷಣ. ದ್ವಿತೀಯಾರ್ಧ ಶುರುವಾಗುವಷ್ಟರಲ್ಲಿ ನಮ್ಮ ಕೊನೆಯ ರೈಲಿನ ಹೊತ್ತಾಗಿತ್ತು. ಶಂಕ್ರವ್ವ ನನ್ನನ್ನು ಮಡಚಿದ ರಭಸಕ್ಕೆ ಅವಳದೇ ಬೆರಳು ಸಿಕ್ಕಿಕೊಂಡಿತು. ರೈಲಿನಲ್ಲಿ ಬೆರಳು ಚೀಪುತ್ತ, "ಶಾಲು ಹೊಚ್ಚೂದ ನೋಡಾಕ ಇಷ್ಟ ದೂರ ಬಂದ್ನಿ" ಎಂದು ಕಿಟಕಿಗೆ ಹೇಳಿದಳು.

ಬೆಂಗಳೂರಿಗೂ ಹೋದೆವು. ಅಲ್ಲಿ ನೆಲವೇ ನೀಲಿಯಂತೆ, ನೀರು ಚಿಮುಕಿಸಿ ಆಡುತ್ತಾರಂತೆ. ನಾನು ನೋಡಲಿಲ್ಲ. ಗೇಟಿನಲ್ಲೇ ತಡೆದರು.

"ಇದೆಲ್ಲ ಒಳಗೆ ಬಿಡಲ್ಲ ಕಣಮ್ಮ," ಎಂದ ಕಾವಲಿನವ.

"ಕುಂದ್ರೂ ಸ್ಟೂಲ್ ಅದು. ಬಾಂಬ್ ಅಲ್ಲ."

"ಎತ್ತಿ ಯಾರ ಮೇಲಾದ್ರೂ ಎಸೆದ್ರೆ? ಹೊರಗಿಟ್ಟು ಬನ್ನಿ."

ಎಳನೀರು ಮಾರುವವನ ಗಾಡಿಗೆ ನನ್ನನ್ನು ಒರಗಿಸಿ ಅವಳು ಒಳಹೋದಳು. ಗೋಡೆಯಾಚೆ ಜನ ಮೊರೆಯುವುದು ಕೇಳುತ್ತಿತ್ತು, ಕೆಲವೊಮ್ಮೆ ಕೋಲಿಗೆ ಚೆಂಡು ತಾಗಿದ ಟಪ್ ಸದ್ದೂ. ಹೊರಬಂದ ಶಂಕ್ರವ್ವ ನನ್ನ ಮೇಲೆ ಕೂತು ಎಳನೀರು ಕುಡಿದಳು. ಆಮೇಲೆ ಮಾರುವವನಿಗೆ ಹೇಳಿದಳು:

"ಎರಡ ಸಲ ಎಬ್ಬಿಸಿದ್ರು. ಒಮ್ಮೆ ಪಾಸಿನವರ ಜಾಗ ಅಂದ್ರು, ಒಮ್ಮೆ ಕ್ಯಾಮೆರಾದವರದು ಅಂದ್ರು. ಕಡೀಕ ಪಂದ್ಯ ಶೂಟೌಟಿಗೆ ಹೋತು. ಎಲ್ಲಾರೂ ಎದ್ದ ನಿಂತ್ರು. ಗೆದ್ದ ಗೋಲು ನಾ ಮುಂದಿನವನ ಮೊಬೈಲಿನ್ಯಾಗ ನೋಡಿದ್ನಿ."

"ಮನೇಲೇ ಟೀವೀಲಿ ನೋಡ್ಬಹುದಿತ್ತಲ್ಲಮ್ಮ?"

ಅವಳು ಎಳನೀರು ಬುರುಡೆಯನ್ನು ಬುಟ್ಟಿಗೆ ಎಸೆದಳು, ಅದೂ ಗುರಿ ತಪ್ಪಿತು.

ಅದಾದ ಎರಡು ವರ್ಷಕ್ಕೆ ನಮ್ಮ ಗಿರಣಿ ಮೈದಾನದಲ್ಲಿ ಹುಡುಗಿಯರ ಶಾಲಾ ಫೈನಲ್ ನಡೆಯಿತು. ನೋಡಲು ಬಂದವರು ಹದಿನೈದು ಜನರಿದ್ದರೆ ಹೆಚ್ಚು. ಶಂಕ್ರವ್ವನ ಮುಂದೆ ಯಾರೂ ಇರಲಿಲ್ಲ. ಅವಳು ನಡುಗೆರೆಯ ಪಕ್ಕ ಆರಾಮಾಗಿ ಕೂತಳು. ಎರಡೂ ತಂಡಕ್ಕೆ ಒಂದೊಂದು ಗೋಲಾಯಿತು, ಎರಡನ್ನೂ ಕಣ್ಣಾರೆ ಕಂಡಳು. ಅವಳ ಮೈ ಅಷ್ಟು ಹಗುರವಾಗಿದ್ದುದನ್ನು ನಾನು ಅದೇ ಮೊದಲು ಕಂಡಿದ್ದು.

ನಾಲ್ಕು ಗಂಟೆಗೆ ಹಾಕಿ ಕ್ಲಬ್ಬಿನ ಕಾರ್ಯದರ್ಶಿ ಪ್ರಭಣ್ಣ ಮೈದಾನಕ್ಕಿಳಿದು ಸೀಟಿ ಊದಿದ. "ಡ್ರಾ ಅಂತ ಬರಕೊಳ್ರಿ. ಸಾಕು."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಂಕ್ರವ್ವ ಎದ್ದಳು. "ಯಾಕಪಾ? ಇನ್ನೂ ಹನ್ನೆರಡ ನಿಮಿಷ ಐತಿ."

"ಕ್ಲಬ್ಬಿನ ಹುಡುಗೂರು ಪ್ರ್ಯಾಕ್ಟೀಸಿಗೆ ಬಂದಾರ ಯಕ್ಕಾ. ನಾಳೆ ಧಾರವಾಡದಾಗ ಅವರ ಮ್ಯಾಚ್ ಐತಿ."

"ಇವರದು ಇವತ್ತ ಐತಿ."

ಪ್ರಭಣ್ಣ ನಕ್ಕು ಹುಡುಗರಿಗೆ ಕೈಸನ್ನೆ ಮಾಡಿದ. ಅವರು ಇಳಿದು ಚೆಂಡು ಹೊಡೆಯತೊಡಗಿದರು. ಆಗ ಶಂಕ್ರವ್ವ ನನ್ನನ್ನು ಎತ್ತಿಕೊಂಡು, ಸುಣ್ಣದ ಗೆರೆ ದಾಟಿ, ಮೈದಾನದ ನಟ್ಟನಡುವೆ ಊರಿ ಕೂತುಬಿಟ್ಟಳು.

"ಏಳ ಯಕ್ಕಾ! ಹುಚ್ಚ ಹಿಡದೈತೇನ? ಚೆಂಡ ಬಡೀತಂದ್ರ?"

"ಬಡೀಲಿ. ನಮ್ಮ ಆಸ್ಪತ್ರಿ ಇಲ್ಲೇ ಐತಿ."

ಅವಳು ಎರಡೂ ಕೈಯಿಂದ ನನ್ನ ಹಲಗೆಯ ಅಂಚು ಹಿಡಿದಳು. ದೂರದಿಂದ ಹೊಡೆದ ಚೆಂಡೊಂದು ಸುಯ್ಯನೆ ಬಂದು ನನ್ನ ಹಿಂಗಾಲಿಗೆ ಬಡಿಯಿತು. ಪಟ್ಟಿ ಸೀಳಿತು. ನಾನು ವಾಲಿದೆ, ಅವಳು ಕಾಲೂರಿ ತಡೆದಳು, ಆದರೆ ಏಳಲಿಲ್ಲ. ಹೊಡೆದ ಹುಡುಗ ಹೆದರಿ ಓಡಿ ಬಂದ.

"ಬೇಕಂತ ಹೊಡೀಲಿಲ್ಲ ಆಯಿ. ಪೆಟ್ಟಾತೇನು?"

"ಇಲ್ಲಪಾ. ಹನ್ನೆರಡ ನಿಮಿಷ ಆ ಕಡೆ ಕುಂದ್ರತೀಯೇನು?"

ಅವನು ಪ್ರಭಣ್ಣನ ಕಡೆ ನೋಡಲಿಲ್ಲ. ಚೆಂಡು ಹೆಕ್ಕಿಕೊಂಡು ಗೆರೆಯಾಚೆ ಹೋಗಿ ಕೂತ. ಉಳಿದವರೂ ಒಬ್ಬೊಬ್ಬರಾಗಿ ಕೂತರು. ಪ್ರಭಣ್ಣ ಗೊಣಗುತ್ತಲೇ ಸೀಟಿ ಊದಿದ.

ಉಳಿದ ಆಟವನ್ನು ಶಂಕ್ರವ್ವ ಗೆರೆಯಾಚೆ ಬಂದು, ನನ್ನನ್ನು ಎದೆಗೆ ಅವಚಿಕೊಂಡು ನಿಂತೇ ನೋಡಿದಳು. ಗೋಲಾಗಲಿಲ್ಲ. ಒಂದು ಚೆಂಡು ಗೋಲು ಕಂಬಕ್ಕೆ ಬಡಿದು ಹೊರಬಂತು, ಅಷ್ಟೇ. ಪಂದ್ಯ ಡ್ರಾ ಆಯಿತು. ಹಾಗಾದರೆ ಜಗಳವಾಡಿದ್ದೇಕೆ ಎಂದು ಯಾರೋ ಅಂದರು. ಆ ಹುಡುಗಿಯರು ಮಾತ್ರ ಹಾಗೆ ಅನ್ನಲಿಲ್ಲ.

ಈಗ ನಾನು ಅವಳ ಬಚ್ಚಲ ಮೂಲೆಯಲ್ಲಿದ್ದೇನೆ. ಸೀಳಿದ ಕಾಲಿಗೆ ಆಸ್ಪತ್ರೆಯ ಬ್ಯಾಂಡೇಜು ಸುತ್ತಿದ್ದಾಳೆ. ನನ್ನ ಮೇಲೆ ಖಾಲಿ ಬಕೆಟ್ಟು ಇಡುತ್ತಾಳೆ, ತುಂಬಿದ್ದನ್ನು ಇಡುವುದಿಲ್ಲ. ಮೈದಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಒಯ್ಯುತ್ತಾಳೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಬೆನ್ನುಗಳ ಮೇಲೆ, ಕಂಬಗಳ ಮೇಲೆ, ನಾಲ್ಕು ಗಂಟೆಯ ಮೇಲೆ. ಈ ವರ್ಷವೂ ಹುಡುಗಿಯರಿಗೆ ಮೈದಾನ ನಾಲ್ಕರವರೆಗೇ ಎಂದು ವೇಳಾಪಟ್ಟಿ ಅಂಟಿಸಿದ್ದಾರಂತೆ.

ಮೊನ್ನೆ ಶನಿವಾರ ಹುಡುಗಿಯರ ಫೈನಲ್ ನೋಡಲು ಶಂಕ್ರವ್ವ ಕುರ್ಚಿ ಹೊತ್ತು ಹೋದವಳು ನಾಲ್ಕಕ್ಕೆ ಬರಲಿಲ್ಲ, ಐದಕ್ಕೂ ಬರಲಿಲ್ಲ. ಬಂದು ಕಾಲು ತೊಳೆಯುವಾಗ ಮೈದಾನದ ಧೂಳು ಕರಗಿ ಬಚ್ಚಲ ತುಂಬ ಕೆಂಪು ನೀರು ಹರಿಯಿತು. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು, "ಏನಾತ ಶಂಕ್ರವ್ವ?" ಎಂದು ಕೇಳಿದಳು. ಶಂಕ್ರವ್ವ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಕೂಗಿ ಕೂಗಿ ದನಿ ಪೂರ್ತಿ ಕೂತುಬಿಟ್ಟಿತ್ತು. ಕೊನೆಗೆ ಎರಡು ಬೆರಳೆತ್ತಿ ತೋರಿಸಿದಳು, ಆಮೇಲೆ ಒಂದು. ನಕ್ಕಳು.