ನೀರುಗಂಟಿಯ ಮಗಳು, ಮಧ್ಯಾಹ್ನ ಒಂದೂವರೆಗೆ

ಹಗಲು ಹೊತ್ತು ಕಥೆ ಹೇಳಬಾರದು ಎಂಬುದು ಹಲಸೂರಿನ ಆಂಜನಮ್ಮನ ಮನೆಯ ಕಟ್ಟುಪಾಡು. ಹೇಳಿದರೆ ಎಲ್ಲೋ ದಾರಿಯಲ್ಲಿರುವ ಯಾರೋ ಒಬ್ಬರು ದಾರಿ ತಪ್ಪುತ್ತಾರೆ. ಅದು ಯಾರೆಂದು ಹೇಳಿದವರಿಗೆ ಮೊದಲೇ ಗೊತ್ತಾಗುವುದಿಲ್ಲ. ಮನೆಗೆ ಬರಬೇಕಾದವರು ಬಾರದೆ ಹೋದಾಗಲೇ ಗೊತ್ತಾಗುವುದು. ಮೊಮ್ಮಗಳು ಸುಕನ್ಯ ಚಿಕ್ಕವಳಿದ್ದಾಗ ಎಷ್ಟು ಗೋಗರೆದರೂ ಬೀದಿದೀಪ ಹತ್ತುವ ತನಕ ಅಜ್ಜಿ ತುಟಿ ಬಿಚ್ಚುತ್ತಿರಲಿಲ್ಲ.

ಆ ಸುಕನ್ಯ ಈಗ ಇಪ್ಪತ್ತೈದು ತುಂಬಿದವಳು. ‘ಅಷ್ಟಶಕ್ತಿ ನಿಲಯ’ ಎಂಬ ಟಿವಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದಳು.

ಆ ನಿಲಯದಲ್ಲಿ ಎಂಟು ಜನ, ಎಂಟು ಶಕ್ತಿ. ಅತ್ತೆ ತ್ರಿನೇತ್ರಾದೇವಿಗೆ ಹಣೆಗಣ್ಣಿನಿಂದ ಏಳು ಗೋಡೆಗಳಾಚೆಗಿನದೂ ಕಾಣುತ್ತದೆ, ಆದರೆ ಎರಡು ವರ್ಷದಿಂದ ಆಕೆ ನೋಡಿದ್ದು ಅಡುಗೆಮನೆಯೊಂದನ್ನೇ. ಹಿರಿಯ ಸೊಸೆ ಬರೀ ನೋಟದಿಂದ ಗ್ಯಾಸ್ ಸಿಲಿಂಡರ್ ಎತ್ತುತ್ತಾಳೆ. ಕಿರಿಯವಳು ಮಾಯವಾಗುತ್ತಾಳೆ, ಹೆಚ್ಚಾಗಿ ಪಾತ್ರೆ ತೊಳೆಯುವ ಹೊತ್ತಿಗೆ. ದೊಡ್ಡ ಮಗ ಚಿಟಿಕೆ ಹೊಡೆದರೆ ಕಾಲವೇ ನಿಲ್ಲುತ್ತದೆ. ಆಗ ಉಳಿದವರೆಲ್ಲ ರೆಪ್ಪೆ ಬಡಿಯದೆ ನಿಲ್ಲಬೇಕು, ಯಾರಾದರೂ ಸೀನಿದರೆ ಮತ್ತೆ ಮೊದಲಿನಿಂದ. ಇಷ್ಟು ಶಕ್ತಿವಂತರು ಸೇರಿಕೊಂಡು, ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಯಾರೆಂದು ಪತ್ತೆ ಹಚ್ಚಲು ಹದಿನೇಳು ಕಂತು ತೆಗೆದುಕೊಂಡಿದ್ದರು.

ಜನಕ್ಕೆ ಬೇಸರ ಬರತೊಡಗಿದಾಗ ನಿರ್ದೇಶಕ ವಿಶ್ರುತ್, “ಒಂಬತ್ತನೇ ಶಕ್ತಿ ತಗೊಂಡ್ಬಾ ಸುಕನ್ಯಾ, ಇಲ್ಲಾಂದ್ರೆ ಅಂಗಡಿ ಮುಚ್ಚೋಣ” ಎಂದ. ಅವಳು ಅಜ್ಜಿಯ ಸೆರಗಿನಿಂದ ಒಂದು ಕಥೆ ಬಿಚ್ಚಿಕೊಂಡು ಬಂದಳು.

ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗೆ ಒಬ್ಬಳೇ ಮಗಳಂತೆ. ಅವಳು ಕೆರೆಯಲ್ಲಿ ನಿಂತು ಅಂಗೈಯನ್ನು ನೀರಲ್ಲಿಟ್ಟರೆ, ಸುತ್ತ ಏಳು ಊರಿನ ನೆಲದ ಮೇಲೆ ದಾರಿ ತಪ್ಪಿ ಅಲೆಯುವವರ ಹೆಜ್ಜೆಸದ್ದು ಕೇಳುತ್ತಿತ್ತಂತೆ. ಹೆಸರು ಹಿಡಿದು ಕರೆಯುವಳು. ದಾರಿ ತಪ್ಪಿದವರ ಕಾಲು ತಾನಾಗಿ ನೀರಿನ ಕಡೆ ತಿರುಗುವುದು. ಆದರೆ ಒಬ್ಬೊಬ್ಬರನ್ನು ಕರೆದಾಗಲೂ ನೀರು ಅವಳ ಮೈಮೇಲೆ ಒಂದು ಬೆರಳು ಏರುವುದು. ಬಂದವರು ಕೆರೆಯ ಏರಿ ಹಿಡಿದು ಅವರವರ ಮನೆಗೆ ಹೋಗುವರು, ಇವಳು ನೀರಲ್ಲೇ ಉಳಿಯುವಳು. ಕೊನೆಗೆ ನೀರು ಕತ್ತಿನ ತನಕ ಬಂದಾಗ ಇನ್ನೊಂದು ಹೆಜ್ಜೆ ಕೇಳಿಸುತ್ತದೆ. ಅದು ಅವಳ ಹೆತ್ತವ್ವನದು.

ಶುಕ್ರವಾರದ ಕಂತು ಅಲ್ಲಿಗೆ ನಿಂತಿತ್ತು.

ಕಥೆ ಕೊಡುವ ಮೊದಲು ಅಜ್ಜಿ ಅವಳ ಕೈಹಿಡಿದು ಮಾತು ತಗೊಂಡಿದ್ದಳು. “ದೀಪ ಹಚ್ಚಿದ್ ಮೇಲೇನೇ ಹಾಕ್ಬೇಕು ಕಣವ್ವ. ಬೆಳ್ಕಲ್ಲಿ ಮಾತ್ರ ಕೂಡ್ದು.”

“ರಾತ್ರಿ ಒಂಬತ್ತೂವರೆಗೆ ಅಜ್ಜಿ, ಒಂಬತ್ತೂವರೆಗೆ ಅಷ್ಟೇ” ಎಂದಿದ್ದಳು ಸುಕನ್ಯ. ಮಾರನೆಯ ದಿನ ಮಧ್ಯಾಹ್ನ ಒಂದೂವರೆಗೆ ಅದೇ ಕಂತು ಮರುಪ್ರಸಾರವಾಗುತ್ತದೆ ಎಂಬುದನ್ನು ಮಾತ್ರ ನುಂಗಿಕೊಂಡಳು. ಮಧ್ಯಾಹ್ನದ ಹೊತ್ತು ಅಜ್ಜಿಗೆ ಭಕ್ತಿಗೀತೆಯ ಚಾನೆಲ್ ಹಾಕಿಟ್ಟು ರಿಮೋಟ್ ಎತ್ತಿಡುವಂತೆ ತಾಯಿ ಹಂಸಳಿಗೆ ಹೇಳಿಕೊಟ್ಟಿದ್ದಳು.

ಶನಿವಾರ ಮೂರೂವರೆಗೆ ಹಂಸಳ ಫೋನ್ ಬಂತು. ಸುಕನ್ಯ ಆಗ ಕಾಕ್ಸ್ ಟೌನಿನ ಹಳೇ ಮನೆಯೊಂದರಲ್ಲಿ, ಚಿತ್ರೀಕರಣದ ನಡುವೆ ನಿಂತಿದ್ದಳು.

“ಸುಕ್ಕೂ, ಅಜ್ಜಿ ನಿನ್ ಹತ್ರ ಬಂದಿದಾರಾ?”

“ನನ್ ಹತ್ರನಾ? ಇಲ್ವಲ್ಲಮ್ಮ.”

“ಮನೇಲಿಲ್ಲ ಕಣೇ! ನಾನು ರಸೆಲ್ ಮಾರ್ಕೆಟ್ಟಿಗೆ ಹೋಗಿದ್ದೆ, ಬರೋದು ತಡ ಆಯ್ತು. ಬಾಗ್ಲು ತೆಗೆದಿದ್ದು ತೆಗೆದಂಗೇ ಇದೆ. ತಟ್ಟೇಲಿ ಮುದ್ದೆ ಮುರಿದೇ ಇಲ್ಲ. ಟಿವಿ ಓಡ್ತಾ ಇದೆ.”

“ಯಾವ್ ಚಾನೆಲ್ಲಮ್ಮ?”

“ಮುದುಕಿ ಕಳ್ದೋಗಿದಾಳೆ ಅಂದ್ರೆ ಚಾನೆಲ್ ಕೇಳ್ತೀಯಲ್ಲೇ!” ಹಂಸ ಕಿರುಚಿದಳು. ಆಮೇಲೆ ದನಿ ಇಳಿಸಿ, “ನಿಮ್ದೇ. ರಿಮೋಟ್ ಎತ್ತಿಡೋದು ಮರ್ತೋಗಿತ್ತು” ಎಂದಳು.

ಸುಕನ್ಯಳ ಕೈಯಲ್ಲಿದ್ದ ಹಾಳೆಗಳು ಕೆಳಗೆ ಬಿದ್ದವು. ಅಜ್ಜಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲಿನ ಮಾತ್ರೆ ನುಂಗಿದ್ದಾಳೆ, ಊಟ ಮಾಡಿಲ್ಲ. ಹೋದ ವರ್ಷ ಹೀಗೇ ಆದಾಗ ಬಚ್ಚಲಲ್ಲಿ ಬಿದ್ದು, ತನ್ನ ಹೆಸರೇನೆಂದು ಹೇಳಲಾರದೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಇವತ್ತು ಬಚ್ಚಲಿನ ಬದಲು ಇಡೀ ಬೆಂಗಳೂರು.

“ಸರ್, ನಮ್ಮಜ್ಜಿ ಕಾಣಿಸ್ತಿಲ್ಲ. ನಾನು ಹೊರಟೆ.”

“ಅಯ್ಯೋ ಪಾಪ, ಹೋಗು ಹೋಗು” ಎಂದ ವಿಶ್ರುತ್. ಅವನು ಕೆಟ್ಟವನಲ್ಲ. “ಪೊಲೀಸ್ನೋರಿಗೆ ತಿಳಿಸು. ಹಂಗೇ ಆಟೋದಲ್ಲಿ ಕೂತ್ಕೊಂಡು ಸೋಮವಾರದ ಸೀನ್ ಮೊಬೈಲಲ್ಲಿ ಎರಡೇ ಪುಟ... ಹುಡುಗಿ ಕತ್ತಿನವರೆಗೆ ನೀರಲ್ಲಿ ನಿಂತ್ಬಿಟ್ಟಿದಾಳೆ ನೋಡು.”

ಅವಳ ಹಿಂದೆಯೇ ಗೇಟಿನ ತನಕ ಓಡಿ ಬಂದವರು ಜಲಜಾ, ತ್ರಿನೇತ್ರಾದೇವಿಯ ಪಾತ್ರಧಾರಿ. ಮನೆಯಲ್ಲಿ ಅವರು ವಿಮಾ ಕಚೇರಿಯ ಶ್ರೀನಿವಾಸಮೂರ್ತಿಗಳ ಹೆಂಡತಿ, ಜಿರಲೆ ಕಂಡರೆ ಮಂಚ ಹತ್ತುವವರು. “ಒಬ್ಳೇ ಹೋಗ್ಬೇಡ, ನಡಿ, ನಾನೂ ಬರ್ತೀನಿ” ಎಂದರು. ಹಣೆಗೆ ಅಂಟಿಸಿದ್ದ ಮೂರನೇ ಕಣ್ಣು ಕೀಳಲು ನೋಡಿದರೆ ಗೋಂದು ಚರ್ಮವನ್ನೇ ಎಳೆಯಿತು. ಕಣ್ಣಿದ್ದಂತೆಯೇ ಆಟೋ ಹತ್ತಿದರು.

ಆಟೋದ ಬಷೀರ್ ಕನ್ನಡಿಯಲ್ಲಿ ನೋಡಿ ಬ್ರೇಕ್ ಹಾಕಿದ. “ಅರೆ! ಅತ್ತೆಮ್ಮಾ! ನಮ್ ಮನೇವ್ರು ನಿಮ್ಗೆ ಬೈದ್ಕೊಂಡೇ ಊಟ ಮಾಡೋದು.”

“ಸ್ವಲ್ಪ ಬೇಗ ಹೋಗಪ್ಪ. ಈ ಹುಡ್ಗಿ ಅಜ್ಜಿ ಕಳ್ದೋಗಿದಾರೆ.”

“ಅದಕ್ಕೇನಮ್ಮಾ ಟೆನ್ಷನ್? ನಿಮ್ಗೇ ಕಾಣುತ್ತಲ್ಲ! ಎಲ್ಲಿದಾರೆ ಅಂತ ಹೇಳ್ಬಿಡಿ, ಸೀದಾ ಹೋಗ್ಬಿಡಾಣ.”

ಬೇರೆ ದಿನವಾಗಿದ್ದರೆ ಸುಕನ್ಯ ಬಿದ್ದು ಬಿದ್ದು ನಗುತ್ತಿದ್ದಳು. ಬಷೀರ್ ಮಾತ್ರ ನಗುತ್ತಿರಲಿಲ್ಲ. ಕನ್ನಡಿಯಲ್ಲಿ ಆ ಕಣ್ಣನ್ನೇ ನೋಡುತ್ತ ನಿಜವಾಗಿಯೂ ಕಾಯುತ್ತಿದ್ದ. ಜಲಜಾ ಸೆರಗೆಳೆದು ಹಣೆ ಮುಚ್ಚಿಕೊಂಡರು.

ಹಲಸೂರು ಮುಟ್ಟುವುದರೊಳಗೆ ಹಂಸ ಇನ್ನೊಂದು ಸಲ ಫೋನ್ ಮಾಡಿದಳು. ತಾನು ಪೊಲೀಸ್ ಠಾಣೆಯಲ್ಲಿದ್ದೇನೆ, ಅಜ್ಜಿಯ ಫೋನ್ ಮನೆಯಲ್ಲೇ ಚಾರ್ಜಿಗಿದೆ, ಆದರೆ ದೇವರ ಪಟದ ಹಿಂದಿದ್ದ ಆಧಾರ್ ಕಾರ್ಡ್ ಇಲ್ಲ ಎಂದಳು. ಆಧಾರ್ ಹಿಡಿದು ಹೊರಟಿದ್ದಾಳೆ ಎಂದರೆ ಹೆಂಗಸರ ಪುಕ್ಕಟೆ ಬಸ್ಸೇ ಸರಿ. ಬಸ್ ಸ್ಟಾಪಿನ ಪಕ್ಕ ಹೂ ಮಾರುವ ಚಲುವಯ್ಯನನ್ನು ಕೇಳಿದರು.

“ನೋಡ್ದೆ ಕಣಮ್ಮ. ಎರಡು ಗಂಟೆ ಆಗಿತ್ತು. ‘ಎಲ್ಲಿಗ್ ಆಂಜನಮ್ಮೋರೇ, ಈ ಬಿಸ್ಲಲ್ಲಿ?’ ಅಂದೆ. ‘ಯಾವನೋ ಬೆಳ್ಕಲ್ಲಿ ಕಥೆ ಬಿಟ್ಬಿಟ್ಟವ್ನೆ, ನಮ್ ಮಗು ದಾರಿ ತಪ್ಪೋದ್ರೊಳಗೆ ಹೋಗ್ಬೇಕು’ ಅಂದ್ರು. ಕೆ.ಆರ್. ಪುರದ ಬಸ್ ಬಂತು, ಬೋರ್ಡೂ ನೋಡ್ದೆ ಹತ್ತಿಬಿಟ್ರು.”

ನಮ್ ಮಗು. ಅಂದರೆ ಸುಕನ್ಯ. ಯಾವನೋ ಅಲ್ಲ, ಬೆಳಕಿನಲ್ಲಿ ಕಥೆ ಬಿಟ್ಟವಳು ಆ ಮಗುವೇ.

ಹಳೇ ಮದರಾಸು ರಸ್ತೆಯಲ್ಲಿ ವಾಹನಗಳು ಇಂಚಿಂಚೇ ತೆವಳುತ್ತಿದ್ದವು. ಬಿಸಿಲು ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಅವಳು ಕಿಟಕಿ ಕಿಟಕಿಯನ್ನೂ ನೋಡಿದಳು. ಬಸ್ಸಿನ ಗಾಜಿಗೆ ತಲೆಯಾನಿಸಿದವರು, ಸ್ಕೂಟರಿನ ಮೇಲೆ ಒಂದು ಕಾಲು ನೆಲಕ್ಕೂರಿ ನಿಂತವರು, ಫೋನಿನಲ್ಲಿ ನಕ್ಷೆ ತೆಗೆದು ಅತ್ತಿತ್ತ ತಿರುಗಿಸುವವರು. ಮಧ್ಯಾಹ್ನದ ಮರುಪ್ರಸಾರವನ್ನು ಎಷ್ಟು ಸಾವಿರ ಮನೆಗಳಲ್ಲಿ ನೋಡುತ್ತಾರೆ? ಮನೆಗೊಬ್ಬರಂತೆ ಹಿಡಿದರೂ ಇಷ್ಟೂ ಜನ ದಾರಿ ತಪ್ಪಿರಬಹುದಲ್ಲವೇ? ಯಾರ ಮುಖ ನೋಡಿದರೂ ಎಲ್ಲಿಗೆ ಹೊರಟೆವೆಂಬುದನ್ನು ಮರೆತವರ ಮುಖದಂತೆಯೇ ಕಂಡಿತು. “ಇವ್ರೆಲ್ಲಾ ದಾರಿ ತಪ್ಪಿದವ್ರೇನಾ?” ಎಂದು ಗೊಣಗಿಕೊಂಡಳು.

“ಮೇಡಂ, ನನ್ ಆಟೋನಲ್ಲಿ ಯಾರೂ ದಾರಿ ತಪ್ಪಿಲ್ಲ” ಎಂದ ಬಷೀರ್, ಅವಳ ಬಾಯಿಂದ ಅರ್ಧ ಕೇಳಿಸಿಕೊಂಡು. ಎರಡು ನಿಮಿಷ ಬಿಟ್ಟು, “ಆದ್ರೂ ಮನೆಗೊಂದ್ ಫೋನ್ ಹಾಕ್ಬಿಡ್ತೀನಿ” ಎಂದ.

ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ಇಳಿದಾಗ ಐದು ದಾಟಿತ್ತು. ನಾಲ್ಕೂ ಕಡೆಯಿಂದ ಬಸ್ಸು, ನಾಲ್ಕೂ ಕಡೆಗೆ ಓಡುವ ಜನ. ಸುಕನ್ಯ ಅಜ್ಜಿಯ ಫೋಟೊ ಹಿಡಿದು ಕೇಳುತ್ತ ಹೋದಳು. ಯಾರೂ ನಿಲ್ಲಲಿಲ್ಲ. ಜಲಜಾ ಒಂದು ಕ್ಷಣ ಕಣ್ಣು ಮುಚ್ಚಿ ನಿಂತರು, ಆಮೇಲೆ ತಾವಾಗಿಯೇ ಸೆರಗು ಸರಿಸಿದರು.

“ಏ, ತ್ರಿನೇತ್ರಾದೇವಿ ಕಣ್ರೋ!”

ಐದು ನಿಮಿಷದಲ್ಲಿ ಐವತ್ತು ಜನ ಸೇರಿದರು. “ಮೇಡಂ, ಒಂದ್ ಸೆಲ್ಫಿ.” “ಆ ಕಿರೀ ಸೊಸೇನ ಯಾಕ್ರೀ ಹಂಗೆ ಗೋಳು ಹುಯ್ಕೊತೀರಾ?” “ಉಪ್ಪು ಹಾಕಿದ್ದು ಅವ್ಳಲ್ಲ ಅಂತ ನಮಗೆ ಮೊದಲ್ನೇ ದಿನಾನೇ ಗೊತ್ತಿತ್ತು.” ಜಲಜಾ ಎಲ್ಲರ ಕೈಗೂ ಫೋಟೊ ದಾಟಿಸಿದರು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುತ್ತಿದ್ದ ಹಳದಿ ದುಪ್ಪಟ್ಟಾದ ಹೆಂಗಸೊಬ್ಬಳು ಮಾತ್ರ ಫೋಟೊ ನೋಡಲಿಲ್ಲ. ಜಲಜಾರ ಕೈ ಹಿಡಿದುಕೊಂಡಳು.

“ಅಮ್ಮಾ, ನನ್ ತಂಗಿ ಮೋನಿಷಾ. ಮನೆ ಬಿಟ್ಟು ಎರಡು ವರ್ಷ ಆಯ್ತು. ಇಲ್ಲೇ ಬಸ್ ಹತ್ತಿದ್ಲು. ಸೀರಿಯಲ್ ಅಂತ ನಂಗೂ ಗೊತ್ತು. ಆದ್ರೂ ಒಂದ್ಸಲ ನೋಡಿ, ಬದ್ಕಿದಾಳಾ ಅಂತ.”

ಜಲಜಾರ ನಿಜವಾದ ಎರಡು ಕಣ್ಣುಗಳಲ್ಲಿ ಭಯ ತುಂಬಿತು. ಸಾಲು ಕೇಳುವವರಂತೆ ಸುಕನ್ಯಳ ಕಡೆ ತಿರುಗಿದರು. ಸಂಭಾಷಣೆ ಬರೆಯಬೇಕಾದ ಸುಕನ್ಯಳಿಗೂ ಒಂದು ಸಾಲು ಹೊಳೆಯಲಿಲ್ಲ.

ಹೊಳೆದದ್ದು ಬೇರೆ. ದಾರಿ ತಪ್ಪಿದವರ ಕಾಲು ನೀರಿನ ಕಡೆ ತಿರುಗುತ್ತದೆ. ತನಗೆ ದಾರಿ ತಪ್ಪಿದೆ ಎಂದು ಗೊತ್ತಾದ ಕ್ಷಣ, ಅಜ್ಜಿ ತನ್ನ ಕಥೆಯನ್ನು ನಂಬದೆ ಬೇರೆ ಏನನ್ನು ನಂಬಿಯಾಳು?

“ಇಲ್ಲಿ ಹತ್ರದಲ್ಲಿ ನೀರೆಲ್ಲಿದೆ?” ಎಂದು ಕೂಗಿದಳು.

“ನೀರಾ? ಬಾಟ್ಲು ಅಲ್ಲೇ ಅಂಗ್ಡೀಲಿದೆ.”

“ಬಾಟ್ಲು ಅಲ್ಲ. ಕೆರೆ, ಬಾವಿ, ಏನಾದ್ರೂ...”

“ಕೆರೆಗೆ ನಡ್ಕೊಂಡು ಹೋಗೋಕಾಗಲ್ಲ. ಆ ಸಂದೀಲಿ ಕುಡಿಯೋ ನೀರಿನ ಘಟಕ ಐತೆ. ಐದ್ರುಪಾಯಿ ಕಾಯಿನ್ ಹಾಕಿದ್ರೆ ಒಂದ್ ಕ್ಯಾನ್ ನೀರು ಬರ್ತದೆ.”

ಸುಕನ್ಯ ಸಂದಿಗೆ ತಿರುಗಿದಳು. ಎರಡೂ ಕಡೆ ಎತ್ತರದ ಗೋಡೆ, ಒಳಗೆ ಆಗಲೇ ಮಬ್ಬು. ರಸ್ತೆಯ ಗದ್ದಲ ಹಿಂದುಳಿಯಿತು. ಆಗ ಯಾರೋ ಅವಳನ್ನು ಕರೆದರು.

“ಸುಕನ್ಯಾ...”

ಸೋತ, ಒಣಗಿದ ದನಿ. ಇನ್ನೊಂದು ಸಲ ಕರೆಯಿತು. “ಸುಕನ್ಯಾ...”

ಟಿವಿಗೆ ಇನ್ನೂ ಕೊಡದೆ ಇಟ್ಟುಕೊಂಡಿದ್ದ ಕಥೆಯ ಕೊನೆ ಅವಳಿಗೆ ನೆನಪಾಯಿತು. ನೀರುಗಂಟಿಯ ಮಗಳು ಅಷ್ಟು ಜನರನ್ನು ಕರೆದಳು, ಎಲ್ಲರೂ ಬಂದರು, ದಾರಿ ಹಿಡಿದು ಹೋದರು. ಒಬ್ಬರಾದರೂ ಓಗೊಡಲಿಲ್ಲ. ಅದಕ್ಕೇ ನೀರು ಏರಿದ್ದು. ಕೊನೆಗೆ ಅವಳ ಅವ್ವ ಮಾತ್ರ...

“ಓ” ಎಂದಳು ಸುಕನ್ಯ. ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಮತ್ತೆ ಕೂಗಿದಳು. “ಓ ಅಜ್ಜೀ, ಬಂದೇ!”

ಘಟಕದ ಮುಂದೆ ಬೋರಲು ಹಾಕಿದ ಡಬ್ಬದ ಮೇಲೆ ಆಂಜನಮ್ಮ ಕೂತಿದ್ದಳು. ಎದುರಿಗೊಂದು ಬಕೆಟ್, ತುಂಬಿ ಹೊರಗೆ ಹರಿಯುತ್ತಿತ್ತು. ಅದರೊಳಗೆ ಅವಳ ಬಲ ಅಂಗೈ. ಸೀರೆ ಮೊಣಕಾಲಿನ ತನಕ ನೆನೆದಿತ್ತು. ನೀರು ಬೆರಳು ಬೆರಳಾಗಿ ಏರಿದ್ದೇ ಇದು ಎನಿಸಿತು ಸುಕನ್ಯಳಿಗೆ. ಅದೇ ಹೊತ್ತಿಗೆ ಹಾಕಿದ ಕಾಯಿನ್ನಿನ ಪಾಲು ಮುಗಿದು ನಲ್ಲಿ ತಾನಾಗಿ ನಿಂತಿತು.

“ಸಿಕ್ಕಿದ್ಲು ನೋಡಮ್ಮ! ನಾನ್ ಹೇಳ್ಲಿಲ್ವಾ, ಬತ್ತಾಳೆ ಅಂತ?” ಅಜ್ಜಿ ಪಕ್ಕದಲ್ಲಿದ್ದ ಹೆಂಗಸಿಗೆ ಹೇಳಿದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ಎಲ್ಲೋಗಿದ್ಯೇ? ನಾಲಕ್ ಗಂಟೆಯಿಂದ ಕರೀತಾವ್ನಿ, ಗಂಟಲು ಹರ್ದೋಯ್ತು.”

ತಾನೇ ಕಳೆದುಹೋಗಿದ್ದೆ ಎಂಬುದು ಅವಳ ತಲೆಗೆ ಬಂದೇ ಇರಲಿಲ್ಲ.

ಘಟಕ ನೋಡಿಕೊಳ್ಳುವ ಶರ್ಫುನ್ನೀಸಾ ಸುಕನ್ಯಳನ್ನು ಮೇಲಿಂದ ಕೆಳಕ್ಕೆ ನೋಡಿದಳು. “ತಲೆ ಸುತ್ತಿ ಇಲ್ಲಿ ಕೂತ್ಬಿಟ್ರು. ಕೈಯೆಲ್ಲ ನಡುಕ. ನಮ್ ತಾಯಿಗೂ ಶುಗರ್, ನಂಗೆ ಗೊತ್ತಾಯ್ತು. ಸಕ್ಕರೆ ಜಾಸ್ತಿ ಹಾಕಿ ಟೀ, ಎರಡು ಬನ್ ತಿನ್ಸಿದೀನಿ. ಫೋನ್ ನಂಬರ್ ಕೇಳಿದ್ರೆ ನೆಪ್ಪಿಲ್ಲ ಅಂತಾರೆ. ಬಕೆಟ್ ಕೊಡು, ಮೊಮ್ಮಗಳನ್ನ ಕರೀಬೇಕು ಅಂತಾರೆ. ಏನ್ ಮಾಡ್ಲಿ? ಕೊಟ್ಟೆ.”

ಸುಕನ್ಯ ಅಜ್ಜಿಯ ಒದ್ದೆ ಮಡಿಲಲ್ಲಿ ಮುಖವಿಟ್ಟು ಅತ್ತಳು. “ತಪ್ಪಾಯ್ತಜ್ಜಿ. ಮಧ್ಯಾಹ್ನಾನೂ ಹಾಕ್ತಾರೆ ಅಂತ ನಂಗೊತ್ತಿತ್ತು.”

ಅಜ್ಜಿಯ ಕೈ ಅವಳ ತಲೆಯ ಮೇಲೆ ಬಂದು, ಅಲ್ಲೇ ನಿಂತಿತು. “ಊರೆಲ್ಲಾ ಕೇಳೈತಲ್ಲೇ ಹಂಗಾದ್ರೆ” ಎಂದಳು ಮೆಲ್ಲಗೆ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. “ಎಷ್ಟು ಜನ ಎಲ್ಲೆಲ್ಲಿ ನಿಂತವ್ರೋ. ಅರ್ಧಕ್ಕೆ ಬೇರೆ ಬಿಟ್ಟಿದೀಯ.”

ಫೋನ್ ಬಡಿದುಕೊಂಡಿತು. ವಿಶ್ರುತ್. “ಅಜ್ಜಿ ಸಿಕ್ಕಿದ್ರಾ? ದೇವ್ರು ದೊಡ್ಡವನು. ಕೇಳು, ಚಾನೆಲ್ನೋರು ಫುಲ್ ಖುಷಿ. ಹುಡುಗೀನ ನಲವತ್ತು ಎಪಿಸೋಡ್ ನೀರಲ್ಲೇ ನಿಲ್ಸೋಣ.”

“ಸೋಮವಾರ ಮೇಲೆ ಬರ್ತಾಳೆ ಸರ್.”

“ಅಯ್ಯೋ, ಟಿಆರ್‌ಪಿ...”

“ಅವ್ಳು ಬರ್ಲಿಲ್ಲ ಅಂದ್ರೆ ನಾನೂ ಬರಲ್ಲ ಸರ್.” ತನ್ನ ಮಾತಿಗೆ ತಾನೇ ಹೆದರಿ ಫೋನ್ ಆಫ್ ಮಾಡಿ, ಹಿಂದೆಯೇ ಓಡಿಬಂದಿದ್ದ ಜಲಜಾರ ಫೋನಿನಿಂದ ಅಮ್ಮನಿಗೆ ಸುದ್ದಿ ಮುಟ್ಟಿಸಿದಳು.

ಅಷ್ಟರಲ್ಲಿ ಸಂದಿಯ ಬಾಯಿಯಿಂದ ಜನ ಬಂದಿದ್ದರು. ಬಷೀರ್, ಕ್ಯಾನು ಹಿಡಿದ ಹೆಂಗಸರು, ಹಿಂದೆ ಹಳದಿ ದುಪ್ಪಟ್ಟಾದವಳು.

“ಸೀರಿಯಲ್ಲಲ್ಲಿ ಆ ನೀರಲ್ಲಿರೋ ಹುಡ್ಗಿಗೆ ಮುಂದೇನಾಯ್ತು? ಈಗ್ಲಾದ್ರೂ ಹೇಳಿ” ಎಂದಳು ಶರ್ಫುನ್ನೀಸಾ. “ಆಗ್ಲಿಂದ ಕೇಳ್ತಿದೀನಿ, ಅಜ್ಜಿ ಬಾಯೇ ಬಿಡಲ್ಲ.”

“ಇನ್ನಾ ಬೆಳ್ಕೈತೆ” ಎಂದಳು ಅಜ್ಜಿ.

ಎಲ್ಲರೂ ಕಾದರು. ಕ್ಯಾನು ತುಂಬಿದವರೂ ಹೋಗಲಿಲ್ಲ. ಒಂದೆರಡು ಸಲ ಮಿಟುಕಿ ಬೀದಿದೀಪ ಹತ್ತಿಕೊಂಡಿತು.

“ಈಗ ಹೇಳು. ನೀನೇ ಬಿಟ್ಟಿದ್ದು, ನೀನೇ ಮುಗ್ಸು.”

ಸುಕನ್ಯ ಹೇಳಿದಳು. ಮಗಳು ಕರೆದಾಗ ಅವ್ವ “ಓ ಮಗಳೇ, ಬಂದೆ” ಎಂದದ್ದು, ನೀರು ಬೆರಳು ಬೆರಳಾಗಿ ಇಳಿದದ್ದು, ಇಬ್ಬರೂ ಏರಿಯ ಮೇಲೆ ನಡೆದು ಮನೆಗೆ ಹೋದದ್ದು.

ಹಳದಿ ದುಪ್ಪಟ್ಟಾದವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈಯನ್ನು ನೀರಿಗಿಳಿಸಿದಳು. ಸುಕನ್ಯಳಿಗೆ ತಡೆಯಬೇಕೆನಿಸಿತು. ಓಗೊಡುವವರು ಇಲ್ಲದಿದ್ದರೆ?

“ಮೋನಿಷಾ” ಎಂದಳು ಅವಳು, ತನಗೇ ಕೇಳಿಸದಷ್ಟು ಸಣ್ಣಗೆ.

ಆಂಜನಮ್ಮ ಬಾಗಿ ಅವಳ ಬೆನ್ನಿನ ಮೇಲೆ ಕೈಯಿಟ್ಟಳು.

“ಜೋರಾಗಿ ಕರಿಯವ್ವ. ಇಲ್ಲಿ ಗಾಡಿ ಸದ್ದು ಜಾಸ್ತಿ.”