ಕರೆವ್ವನ ಹೆಬ್ಬೆರಳು

ಮೂವತ್ತು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಕರೆವ್ವನ ಹೆಬ್ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಕಣ್ಣಿನ ಪೊರೆ ತೆಗೆಸಲು ಖಾಸಗಿ ಆಸ್ಪತ್ರೆಯವರು ಹೇಳಿದ ದರಕ್ಕೆ ಬೆಚ್ಚಿ, ಅವಳು ಸರಕಾರದ ಆರೋಗ್ಯ ಕಾರ್ಡು ಮಾಡಿಸಲು ಬಂದಿದ್ದಳು. ಐದು ಸಲ ಒತ್ತಿದರೂ ಯಂತ್ರ ಬೆರಳನ್ನು ಒಪ್ಪಲಿಲ್ಲ. ಕಣ್ಣು ತೋರಿಸಿದಳು; ಅದನ್ನೂ ಒಪ್ಪಲಿಲ್ಲ.

“ಪೊರಿ ತಗಿಸ್ಕೊಂಡು ಬಾರಬೇ,” ಎಂದ ಕಾರ್ಡು ಮಾಡುವ ಪ್ರವೀಣಕುಮಾರ.

“ಅದನ್ನ ತಗಸಾಕನ ಕಾರ್ಡು ಬೇಕಲ್ಲೋ ಯಪ್ಪಾ!”

ಸಾಲಿನಲ್ಲಿದ್ದ, ಅವಳು ದುಡಿಯುವ ಮೆಣಸಿನಕಾಯಿ ಅಂಗಳದ ಸಾವಕಾರ ಕೊಟ್ರಪ್ಪ ಗೊಣಗಿದ: “ಎಲ್ಲಾರ ದವಾಖಾನಿ ಖರ್ಚೂ ಸರಕಾರನ ಯಾಕ ಕೊಡಬೇಕು?”

“ಮತ್ತ ನೀವ್ಯಾಕ ಪಾಳಿ ಹಚ್ಚೀರಿ?” ಎಂದಳು ಕರೆವ್ವ.

“ನಂದು ಮೊಣಕಾಲು ಭಾಳ ನೋಯ್ತೈತಿ,” ಎಂದ ಕೊಟ್ರಪ್ಪ. ಸಾಲೆಲ್ಲ ನಕ್ಕಿತು.

ಪ್ರವೀಣಕುಮಾರ ಯೋಚಿಸಿ ಹೇಳಿದ: “ಹದಿನೈದು ದಿನ ಕಾಯಿ ಮುಟ್ಟಬ್ಯಾಡ, ಎಣ್ಣಿ ಹಚ್ಚು. ಗೆರಿ ಮೂಡ್ತಾವು.”

“ಅಷ್ಟು ದಿನದ ಪಗಾರ ಯಾರು ಕೊಡ್ತಾರ?” ಎನ್ನುತ್ತ ಕರೆವ್ವ ಸಾವಕಾರನತ್ತ ತಿರುಗಿದಳು. ಎಲ್ಲರ ಕಣ್ಣೂ ಅತ್ತಲೇ ಹೊರಳಿದವು.

“ಆತು, ನಾನ ಕೊಡ್ತೀನಿ. ಕೂಗಬ್ಯಾಡ ಮಾರಾಯ್ತಿ,” ಎಂದ ಕೊಟ್ರಪ್ಪ ಮೆಲ್ಲಗೆ.

ಹಿಂದೆ ನಿಂತಿದ್ದ ಅವನ ಅಂಗಳದ ನಾಲ್ಕು ಮಂದಿ ಹೆಂಗಸರು ಕೂಡಲೇ ತಮ್ಮ ಸವೆದ ಹೆಬ್ಬೆರಳು ಎತ್ತಿ ತೋರಿಸಿದರು.